ಕಸುಬಿನ ಭಾಷೆಯನ್ನು ಕಲಿಯುವ ಮುನ್ನ



ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್, ಜಾವಾ, ಸಿ ಮುಂತಾದವು ಎಲ್ಲ ಕೆಲಸಕ್ಕೂ ಒದಗುತ್ತವೆ. ಕಂಪ್ಯೂಟರನ್ನು ನೆಚ್ಚಿ ಬದುಕುವವರು ಇವುಗಳಲ್ಲಿ ಒಂದನ್ನಾದರೂ ಚೆನ್ನಾಗಿ ಕಲಿಯಬೇಕು ಎಂಬುದರಲ್ಲಿ ತಕರಾರಿಲ್ಲ, ಅದಕ್ಕೆ ಉಪನ್ಯಾಸವೂ ಬೇಕಿಲ್ಲ. ತಕರಾರು ಇರುವುದು ಒಂದೇ ಕೆಲಸಕ್ಕಾಗಿ ಹುಟ್ಟಿದ ಭಾಷೆಗಳ ವಿಷಯದಲ್ಲಿ. ಚಿಪ್ ವಿನ್ಯಾಸಕ್ಕೆ ವೆರಿಲಾಗ್, ಸಂಖ್ಯಾಶಾಸ್ತ್ರಕ್ಕೆ ಆರ್, ದತ್ತಾಂಶದ ಕೋಷ್ಟಕಗಳಿಗೆ ಎಸ್‌ಕ್ಯೂಎಲ್, ಎಸ್‌ಎಪಿ ತಂತ್ರಾಂಶಕ್ಕೆ ಅಬಾಪ್, ವಿಜ್ಞಾನದ ಭಾರೀ ಲೆಕ್ಕಗಳಿಗೆ ಜೂಲಿಯಾ. ಇವನ್ನು ಈ ಹೊತ್ತು ಕಸುಬಿನ ಭಾಷೆಗಳೆಂದು ಕರೆಯುತ್ತೇನೆ. ಇಂಥ ಭಾಷೆಯ ವ್ಯಾಕರಣ ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ, ಪಳಗುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ತೆತ್ತ ಮೇಲೆ ಭಾಷೆಯೇ ಮೂಲೆ ಸೇರಿದರೆ ಗತಿಯೇನು ಎಂಬ ಅಂಜಿಕೆ ಕಲಿಯುವವರಿಗೆ ಸಹಜ. ಈ ಅಂಜಿಕೆಯನ್ನು ತೂಗಿ ನೋಡಲು ಸರಿಯಾದ ತಕ್ಕಡಿ ಯಾವುದು ಎಂಬುದೇ ನನ್ನ ವಿಷಯ.

ಸಾಮಾನ್ಯವಾಗಿ ಜನ ಹಿಡಿಯುವ ಮೊದಲ ಅಳತೆಗೋಲು ಜನಪ್ರಿಯತೆ. ಟಿಯೋಬ್ ಎಂಬ ಪಟ್ಟಿ 2001ರಿಂದ ತಿಂಗಳು ತಿಂಗಳೂ ಭಾಷೆಗಳಿಗೆ ಸ್ಥಾನ ಹಂಚುತ್ತಿದೆ. ಅದು ಮುಖ್ಯವಾಗಿ ಎಣಿಸುವುದು ಹುಡುಕುಯಂತ್ರಗಳಲ್ಲಿ ಆ ಭಾಷೆಯ ಹೆಸರಿಗೆ ಎಷ್ಟು ಪುಟ ಸಿಗುತ್ತವೆ ಎಂಬುದನ್ನು. ಹೊಸಬರು ಹೆಚ್ಚು ಎಡವುವ ಭಾಷೆಯ ಬಗ್ಗೆ ಪುಟಗಳೂ ಹೆಚ್ಚೇ ಇರುತ್ತವೆ, ಬಾಗಿಲು ಮುಚ್ಚಿದ ಸಂಸ್ಥೆಗಳ ಒಳಗೆ ಬಳಕೆಯಾಗುವ ಭಾಷೆಯ ಸದ್ದು ಹೊರಗೆ ಕೇಳಿಸುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಕಸುಬಿನ ಭಾಷೆಯನ್ನು ಬಲ್ಲವರು ಕಡಿಮೆ, ಅದು ಬೇಕಾದ ಹುದ್ದೆಗಳೂ ಕಡಿಮೆ. ಕಲಿಯುವವರಿಗೆ ಮುಖ್ಯವಾದದ್ದು ಈ ಎರಡರ ನಡುವಿನ ಅನುಪಾತ, ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಲಕ್ಷ ಹುದ್ದೆಗಳಿಗೆ ಹತ್ತು ಲಕ್ಷ ಜನ ಮುಗಿಬೀಳುವ ಭಾಷೆಗಿಂತ ಸಾವಿರ ಹುದ್ದೆಗೆ ಎಂಟುನೂರು ಜನರಿರುವ ಭಾಷೆ ಲೇಸು.

ಎರಡನೆಯ ಅಳತೆಗೋಲು ವಯಸ್ಸು. ಇಷ್ಟು ವರ್ಷ ಬಾಳಿದ್ದು ಇನ್ನಷ್ಟು ವರ್ಷ ಬಾಳುತ್ತದೆ ಎಂಬ ತರ್ಕ ಇತ್ತೀಚೆಗೆ ಬಹಳ ಚಲಾವಣೆಯಲ್ಲಿದೆ. 1957ರಲ್ಲಿ ಐಬಿಎಂ ಹೊರತಂದ ಫೋರ್‌ಟ್ರಾನ್, 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಇಂದೂ ಬದುಕಿವೆಯಲ್ಲ ಎಂದು ಉದಾಹರಣೆ ಕೊಡುತ್ತಾರೆ. ಆದರೆ ಉಳಿದವರನ್ನಷ್ಟೇ ಸಾಕ್ಷಿಗೆ ಕರೆದರೆ ತೀರ್ಪು ಹೀಗೇ ಬರುತ್ತದೆ. ಅಲ್ಗಾಲ್ ಅದೇ ಕಾಲದ್ದು. ಅದರ ಗುಣಗಳು ಮುಂದಿನ ಎಷ್ಟೋ ಭಾಷೆಗಳ ರಕ್ತದಲ್ಲಿವೆ, ಅದು ಮಾತ್ರ ಇಲ್ಲ. ಫೋರ್‌ಟ್ರಾನ್ ಮತ್ತು ಕೋಬಾಲ್ ಎರಡರ ಜಾಗವನ್ನೂ ತುಂಬಲೆಂದು 1960ರ ದಶಕದಲ್ಲಿ ಐಬಿಎಂ ತಂದ ಪಿಎಲ್/ಒನ್ ಭಾಷೆ ಅವೆರಡಕ್ಕಿಂತ ಹೊಸದು, ಹೆಚ್ಚು ಸಮರ್ಥವೂ ಆಗಿತ್ತು. ಇಂದು ಅದು ಕೆಲವು ಹಳೆಯ ಮೇನ್‌ಫ್ರೇಮ್‌ಗಳ ಮೂಲೆಯಲ್ಲಿದೆ. ಫೋರ್‌ಟ್ರಾನ್‌ಗೂ ಪಿಎಲ್/ಒನ್‌ಗೂ ಮನೆ ಒಂದೇ, ಕಾಲವೂ ಸುಮಾರಾಗಿ ಒಂದೇ, ವಿಧಿ ಬೇರೆ. ವಯಸ್ಸು ಭಾಷೆ ಉಳಿದಿದೆ ಎಂದಷ್ಟೇ ತಿಳಿಸುತ್ತದೆ, ಏಕೆ ಉಳಿಯಿತು ಎಂದು ತಿಳಿಸದು.

ಭಾಷೆಯನ್ನು ಬದುಕಿಸಿ ಇಡುವುದು ಅದಕ್ಕೆ ಕಟ್ಟಿಹಾಕಿಕೊಂಡವರ ಹಂಗು. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಭಾಷೆ ನಾಳೆ ಸತ್ತರೆ ನಷ್ಟ ಯಾರಿಗೆ? ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಒಮ್ಮೆಲೇ ನುಗ್ಗಿದಾಗ, ನಿರುದ್ಯೋಗ ಭತ್ಯೆಯ ಹಳೆಯ ಕಂಪ್ಯೂಟರ್ ವ್ಯವಸ್ಥೆ ತತ್ತರಿಸಿತು. ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಆಗಿನ ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಸರ್ಕಾರ, ಬ್ಯಾಂಕು, ವಿಮಾ ಕಂಪನಿ ಇಂಥವರ ನಿತ್ಯದ ವ್ಯವಹಾರ ಒಂದು ಭಾಷೆಯ ಮೇಲೆ ನಿಂತಿದ್ದರೆ, ಅದನ್ನು ಬದಲಿಸುವ ಖರ್ಚು, ಬದಲಿಸುವಾಗ ಎಡವುವ ಭಯ ಎರಡೂ ಸೇರಿ ಆ ಭಾಷೆಗೆ ದಶಕಗಳ ಆಯಸ್ಸು ಕೊಡುತ್ತವೆ. ಫೋರ್‌ಟ್ರಾನ್‌ಗೂ ಇಂಥ ಹಂಗಿದೆ: ಪೈಥಾನ್‌ನಲ್ಲಿ ವಿಜ್ಞಾನದ ಲೆಕ್ಕ ಮಾಡುವವರು ಬಳಸುವ ಸೈಪೈ ಕೂಡ ರೇಖೀಯ ಬೀಜಗಣಿತಕ್ಕಾಗಿ ಒಳಗೆ ನೆಚ್ಚಿರುವುದು ಫೋರ್‌ಟ್ರಾನ್ ಪರಂಪರೆಯ ಲ್ಯಾಪ್ಯಾಕ್ ಲೈಬ್ರರಿಯನ್ನೇ.

ಇದಕ್ಕೆ ಎದುರಾದ ಕತೆ ಫ್ಲ್ಯಾಶ್‌ನದು. ಒಂದು ಕಾಲಕ್ಕೆ ಅಂತರ್ಜಾಲದ ಆಟ, ಚಲನಚಿತ್ರ, ಜಾಹೀರಾತು ಎಲ್ಲವೂ ಫ್ಲ್ಯಾಶ್ ಆಗಿದ್ದವು. ಅದರ ಆಕ್ಷನ್‌ಸ್ಕ್ರಿಪ್ಟ್ ಭಾಷೆ ಬಲ್ಲವರಿಗೆ ಬೇಡಿಕೆ ಇತ್ತು. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಐಫೋನಿನಲ್ಲಿ ಫ್ಲ್ಯಾಶ್‌ಗೆ ಜಾಗವಿಲ್ಲ ಎಂಬ ನಿಲುವನ್ನು ಸಮರ್ಥಿಸಿಕೊಂಡರು. 2017ರಲ್ಲಿ ಫ್ಲ್ಯಾಶ್‌ನ ಒಡೆಯನಾದ ಅಡೋಬಿ ಕಂಪನಿಯೇ ಅಂತ್ಯದ ದಿನಾಂಕ ಘೋಷಿಸಿತು, 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಿತು. ಕೋಟ್ಯಂತರ ಜನ ಬಳಸುತ್ತಿದ್ದ ವಸ್ತು ಹೋದಾಗ ಅಳುವವರು ಏಕೆ ಇರಲಿಲ್ಲ? ನೋಡುಗನಿಗೆ ಅದು ಬದಲಾದರೆ ಖರ್ಚಿಲ್ಲ, ಜಾಹೀರಾತಿನ ಆಯಸ್ಸು ಹೇಗೂ ಮೂರು ತಿಂಗಳು. ಬಳಕೆ ಎಷ್ಟೇ ವ್ಯಾಪಕವಾಗಿರಲಿ, ಹಂಗು ತೆಳುವಾಗಿತ್ತು. ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಗಳು 1990ರ ದಶಕದಲ್ಲಿ ಕಲಿಸುತ್ತಿದ್ದ ಫಾಕ್ಸ್‌ಪ್ರೊ ಸಹ ಒಬ್ಬ ಒಡೆಯನ ಕೈಯಲ್ಲಿತ್ತು. ಇನ್ನು ಹೊಸ ಆವೃತ್ತಿ ತರುವುದಿಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿ ಹೇಳಿತು, ಅಲ್ಲಿಗೆ ಅದು ಮುಗಿಯಿತು. ಹಾಗೆಂದು ಒಡೆಯ ಒಬ್ಬನೇ ಇದ್ದರೆ ಭಾಷೆ ಅಲ್ಪಾಯುಷಿ ಎಂದು ತೀರ್ಮಾನಿಸಬೇಡಿ. ಅಬಾಪ್‌ಗೂ ಎಸ್‌ಎಪಿ ಒಂದೇ ಒಡೆಯ. ಆದರೆ ಜಗತ್ತಿನ ದೊಡ್ಡ ಕಂಪನಿಗಳು ತಮ್ಮ ಖರೀದಿ, ಉಗ್ರಾಣ, ಸಂಬಳದ ನಿಯಮಗಳನ್ನು ಸ್ವಂತ ದುಡ್ಡು ಹಾಕಿ ಅದರಲ್ಲಿ ಬರೆಸಿಕೊಂಡಿವೆ. ಹಳೆಯ ಇಸಿಸಿ ಆವೃತ್ತಿಯ ಮುಖ್ಯ ನಿರ್ವಹಣೆಯನ್ನು 2027ಕ್ಕೆ ಮುಗಿಸುವುದಾಗಿ ಹೇಳಿರುವ ಎಸ್‌ಎಪಿ, ಅದರ ಬದಲಿಗೆ ಬಂದ ವ್ಯವಸ್ಥೆಯಲ್ಲೂ ಅಬಾಪ್ ಅನ್ನು ಕೈಬಿಟ್ಟಿಲ್ಲ. ಗ್ರಾಹಕರ ಹಂಗು ಒಡೆಯನನ್ನೂ ಕಟ್ಟಿಹಾಕಿದೆ.

ಭಾಷೆ ಉಳಿಯುತ್ತದೆಯೇ ಎಂಬುದಕ್ಕೆ ಇಷ್ಟು ಸಾಕು. ಆದರೆ ಉಳಿಯುವ ಭಾಷೆಯೆಲ್ಲ ಕಲಿಯಲು ಯೋಗ್ಯವೇ? ನನ್ನ ವಾದದ ಮುಖ್ಯ ಭಾಗ ಇಲ್ಲಿದೆ. ಕಸುಬಿನ ಭಾಷೆಯನ್ನು ಕಲಿಯುವಾಗ ತಲೆಗೆ ಎರಡು ಬಗೆಯ ತಿಳಿವಳಿಕೆ ಹೋಗುತ್ತದೆ. ಒಂದು, ಆ ಭಾಷೆಯದೇ ಆದ ವ್ಯಾಕರಣ, ಅದರ ಉಪಕರಣಗಳ ಚಾಳಿ, ಆವೃತ್ತಿಗಳ ಕಾಟ. ಇನ್ನೊಂದು, ಆ ಕಸುಬಿನದು. ಕೂರಿಗೆ ಹಿಡಿದು ಬಿತ್ತಲು ಕಲಿತವನಿಗೆ ನೆಲದ ಹದ, ಸಾಲಿನ ಅಂತರ, ಬೀಜ ಇಳಿಯಬೇಕಾದ ಆಳ ತಿಳಿದಿರುತ್ತದೆ. ಟ್ರ್ಯಾಕ್ಟರ್ ಬಂದರೂ ಅದು ವ್ಯರ್ಥವಾಗದು. ದೀರ್ಘಕಾಲದ ಲಾಭ ನಿಂತಿರುವುದು ಈ ಎರಡನೆಯ ಪಾಲು ಎಷ್ಟಿದೆ ಎಂಬುದರ ಮೇಲೆ. ಕೋಬಾಲ್ ಅನ್ನೇ ನೋಡಿ. ಇಸವಿಯ ಎರಡು ಅಂಕಿಯನ್ನು ನಾಲ್ಕಾಗಿಸುವ ವೈ2ಕೆ ಕೆಲಸ 1990ರ ದಶಕದ ಕೊನೆಯಲ್ಲಿ ಭಾರತದ ಸಾಫ್ಟ್‌ವೇರ್ ಕಂಪನಿಗಳಿಗೆ ದೊಡ್ಡ ಬಾಗಿಲು ತೆರೆಯಿತು. ಆ ತಿದ್ದುಪಡಿಯಲ್ಲಿ ಬ್ಯಾಂಕಿಂಗ್ ಜ್ಞಾನದ ಪಾಲು ಅತಿ ಕಡಿಮೆ. ದಿನಾಂಕ ದಾಟಿತು, ಅದಕ್ಕೆ ಬೇಕಿದ್ದ ಚುರುಕೂ ಬೇಡವಾಯಿತು. ಅದೇ ಕೋಬಾಲ್‌ನಲ್ಲಿ ಬಡ್ಡಿಯ ಲೆಕ್ಕ ರಾತ್ರಿಯ ಬ್ಯಾಚ್‌ನಲ್ಲಿ ಹೇಗೆ ಸಾಗುತ್ತದೆ, ಮಧ್ಯದಲ್ಲಿ ನಿಂತರೆ ಎಲ್ಲಿಂದ ಮರುಚಾಲನೆ ಮಾಡಬೇಕು ಎಂದು ಅರಿತವರ ಜ್ಞಾನ ಯಾವ ಭಾಷೆಗೆ ಹೋದರೂ ಬೆಲೆಯುಳ್ಳದ್ದು.

ಇದಕ್ಕೆ ನಿದರ್ಶನವಾಗಿ ವೆರಿಲಾಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತೇನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದು ನೆಲೆಯೂರಿದಂದಿನಿಂದ ಚಿಪ್ ವಿನ್ಯಾಸ ಬೆಂಗಳೂರಿನ ಕಸುಬೂ ಆಗಿದೆ. ವೆರಿಲಾಗ್ ಹುಟ್ಟಿದ್ದು 1984ರ ಸುಮಾರಿಗೆ, ಅಮೆರಿಕದಲ್ಲಿ ಪ್ರಭು ಗೋಯಲ್ ಸ್ಥಾಪಿಸಿದ ಗೇಟ್‌ವೇ ಡಿಸೈನ್ ಆಟೊಮೇಷನ್ ಎಂಬ ಸಣ್ಣ ಕಂಪನಿಯಲ್ಲಿ, ಫಿಲ್ ಮೂರ್ಬಿ ಅವರ ಕೈಯಲ್ಲಿ. ಮೊದಲಿಗೆ ಅದು ಖಾಸಗಿ ಸೊತ್ತು. ಗೇಟ್‌ವೇಯನ್ನು ಕೊಂಡುಕೊಂಡ ಕೇಡೆನ್ಸ್, ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ಬೆಳೆದಿದ್ದ ವಿಎಚ್‌ಡಿಎಲ್ ಎಂಬ ಮುಕ್ತ ಪ್ರತಿಸ್ಪರ್ಧಿ ಎದುರಿಗೆ ನಿಂತಾಗ, ವೆರಿಲಾಗ್ ಅನ್ನು ಸಾರ್ವಜನಿಕಕ್ಕೆ ಬಿಟ್ಟುಕೊಟ್ಟಿತು. 1995ರಲ್ಲಿ ಅದು ಐಇಇಇ ಮಾನಕವಾಯಿತು, 2005ರಲ್ಲಿ ಅದರ ವಿಸ್ತೃತ ರೂಪವಾದ ಸಿಸ್ಟಮ್ ವೆರಿಲಾಗ್ ಸಹ ಮಾನಕವಾಯಿತು. ಕೀಲಿಕೈ ಒಬ್ಬನ ಜೇಬಿನಿಂದ ಹೊರಬಿದ್ದದ್ದು ಹೀಗೆ.

ಭಾಷೆಯಾಗಿ ನೋಡಿದರೆ ವೆರಿಲಾಗ್ ಅಷ್ಟೇನೂ ಸುಂದರವಲ್ಲ. ನೋಡಲು ಸಿ ಭಾಷೆಯಂತಿದೆ, ಆ ಹೋಲಿಕೆಯೇ ಹೊಸಬರನ್ನು ದಾರಿ ತಪ್ಪಿಸುತ್ತದೆ. ಸಿ ಭಾಷೆಯಲ್ಲಿ ಒಂದು ಲೂಪ್ ಬರೆದರೆ ಅದೇ ಕೆಲಸ ಸಮಯದಲ್ಲಿ ಒಂದಾದ ಮೇಲೊಂದು ನಡೆಯುತ್ತದೆ. ವೆರಿಲಾಗ್‌ನಲ್ಲಿ ಸರ್ಕ್ಯೂಟ್ ಆಗಬೇಕಾದ ಲೂಪ್ ಬರೆದರೆ ಅದೇ ಸರ್ಕ್ಯೂಟ್ ಸಿಲಿಕಾನ್ ಮೇಲೆ ಅಕ್ಕಪಕ್ಕದಲ್ಲಿ ಅಷ್ಟು ಸಲ ಮೂಡುತ್ತದೆ. ಅಲ್ಲಿನ ಸಾಲುಗಳು ಒಂದರ ಹಿಂದೊಂದು ನಡೆಯುವ ಆಜ್ಞೆಗಳಲ್ಲ, ಏಕಕಾಲಕ್ಕೆ ಬದುಕಿರುವ ತಂತಿಗಳು, ಗೇಟುಗಳು, ರಿಜಿಸ್ಟರುಗಳು. ಒಂದು ನಿಬಂಧನೆಯ ಇನ್ನೊಂದು ಪಕ್ಕವನ್ನು ಬರೆಯಲು ಮರೆತರೆ ಹಳೆಯ ಮೌಲ್ಯವನ್ನು ಹಿಡಿದಿಟ್ಟುಕೊಳ್ಳುವ ಲ್ಯಾಚ್ ಎಂಬ ಬೇಡದ ಅಂಗವೊಂದು ಚಿಪ್‌ನೊಳಗೆ ಹುಟ್ಟಿಕೊಳ್ಳುತ್ತದೆ. ಗಡಿಯಾರದ ಬಡಿತಕ್ಕೆ ಎಷ್ಟು ಮುಂಚೆ ಸಂಕೇತ ಸ್ಥಿರವಾಗಿರಬೇಕು, ಎರಡು ಬೇರೆ ಗಡಿಯಾರಗಳ ಗಡಿ ದಾಟುವಾಗ ಸಂಕೇತ ಹೇಗೆ ಅತಂತ್ರವಾಗುತ್ತದೆ, ಈ ಪ್ರಶ್ನೆಗಳು ವೆರಿಲಾಗ್ ಹುಟ್ಟುವ ಮೊದಲೂ ಇದ್ದವು, ವೆರಿಲಾಗ್ ಹೋದ ಮೇಲೂ ಇರುತ್ತವೆ. ಸಿಲಿಕಾನ್ ಮೇಲೆ ಅಚ್ಚಾದ ತಪ್ಪನ್ನು ಮರುದಿನ ಬೆಳಿಗ್ಗೆ ತಿದ್ದಿ ಕಳಿಸಲು ಆಗುವುದಿಲ್ಲ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪುತ್ತಿದ್ದುದು ಬಯಲಾಯಿತು. ಕಾರಣ, ಒಂದು ಕೋಷ್ಟಕದಲ್ಲಿ ಇರಬೇಕಾದ ಕೆಲವು ಅಂಕಿಗಳು ಬಿಟ್ಟುಹೋಗಿದ್ದವು. ಕಂಪನಿಗೆ ತಗುಲಿದ ವೆಚ್ಚ 47.5 ಕೋಟಿ ಡಾಲರ್. ಪರೀಕ್ಷಿಸುವ ಕಲೆಗೆ ಈ ಕಸುಬಿನಲ್ಲಿ ವಿನ್ಯಾಸದಷ್ಟೇ ಗೌರವ ಇರುವುದು ಇಂಥ ಕಾರಣಗಳಿಂದ.

ಉಳಿವಿನ ಪ್ರಶ್ನೆಯಲ್ಲೂ ವೆರಿಲಾಗ್ ಸ್ವಾರಸ್ಯಕರ. ಅದಕ್ಕಿಂತ ಚೆನ್ನಾದ ಭಾಷೆಗಳು ಬಂದಿವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರೂಪುಗೊಂಡ ಚಿಸೆಲ್ ಒಂದು, ಎಂಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಅರವಿಂದ್ ಅವರ ಸಂಶೋಧನೆಯಿಂದ ಬೆಳೆದ ಬ್ಲೂಸ್ಪೆಕ್ ಇನ್ನೊಂದು. ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್‌ಗಳನ್ನು ಬರೆದಿರುವುದು ಬ್ಲೂಸ್ಪೆಕ್‌ನಲ್ಲಿ. ಆದರೆ ಈ ಎರಡರಿಂದಲೂ ಕೊನೆಗೆ ಹೊರಬರುವುದು ವೆರಿಲಾಗ್ ಕೋಡೇ, ಏಕೆಂದರೆ ಮುಂದಿನ ಉಪಕರಣಗಳೆಲ್ಲ ಅರ್ಥಮಾಡಿಕೊಳ್ಳುವುದು ಅದನ್ನು. ಪ್ರತಿಸ್ಪರ್ಧಿಯೂ ತನ್ನ ಕೆಲಸವನ್ನು ನಿಮ್ಮ ಭಾಷೆಯಲ್ಲೇ ಒಪ್ಪಿಸಬೇಕಾದ ಸ್ಥಿತಿ ಇದ್ದರೆ ಆ ಭಾಷೆಯ ಆಯಸ್ಸಿನ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಉಳಿವು, ಕಸುಬಿನ ಪಾಲು ಎರಡರಲ್ಲೂ ವೆರಿಲಾಗ್‌ಗೆ ನನ್ನ ಮತ ಇದೆ.

ಇನ್ನು ಸತ್ತ ಭಾಷೆಯೊಂದನ್ನು ನೋಡೋಣ, ವಾದದ ಬಲ ತಿಳಿಯುವುದು ಅಲ್ಲಿಯೇ. 1980ರ ದಶಕದಲ್ಲಿ ಬ್ರಿಟನ್ನಿನ ಇನ್‌ಮಾಸ್ ಕಂಪನಿ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ ತಯಾರಿಸಿತು. ಹಲವು ಚಿಪ್‌ಗಳನ್ನು ಜೋಡಿಸಿ ಒಟ್ಟಿಗೆ ದುಡಿಸಬಹುದಾಗಿತ್ತು, ಅದಕ್ಕಾಗಿ ಆಕಮ್ ಎಂಬ ಭಾಷೆಯೂ ಇತ್ತು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಹೊರತಂದ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿದ್ದು ಇದೇ ಟ್ರಾನ್ಸ್‌ಪ್ಯೂಟರ್‌ಗಳಿಂದ. ಚಿಪ್ ಮಾರುಕಟ್ಟೆಯಲ್ಲಿ ಸೋತಿತು, ಆಕಮ್ ಅದರೊಡನೆ ಮುಳುಗಿತು. ಆದರೆ ಆಕಮ್ ನಿಂತದ್ದು ಟೋನಿ ಹೋರ್ 1978ರಲ್ಲಿ ಮಂಡಿಸಿದ ಒಂದು ವಿಚಾರದ ಮೇಲೆ. ಏಕಕಾಲದಲ್ಲಿ ನಡೆಯುವ ಕೆಲಸಗಳು ನೆನಪನ್ನು ಹಂಚಿಕೊಂಡು ಕಿತ್ತಾಡುವ ಬದಲು ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳಲಿ ಎಂಬುದು ಆ ವಿಚಾರದ ತಿರುಳು. 2009ರಲ್ಲಿ ಗೂಗಲ್ ಹೊರತಂದ ಗೋ ಭಾಷೆಯಲ್ಲಿ ಸಂದೇಶ ಸಾಗಿಸುವ ಆಕಮ್‌ನ ಕಾಲುವೆಗಳಂಥವೇ ಮತ್ತೆ ಬಂದವು. ಆಕಮ್ ಅನ್ನು ನಿಜವಾಗಿ ಅರಗಿಸಿಕೊಂಡವರಿಗೆ ಗೋ ಹೊಸದೆನಿಸಲು ಕಾರಣವಿರಲಿಲ್ಲ. ಭಾಷೆ ಸತ್ತಿತ್ತು, ಅದು ಕಲಿಸಿದ ಕಸುಬು ಉಳಿದಿತ್ತು. ಕೈಹಿಡಿದ ಭಾಷೆ ಸಾಯಬಾರದೆಂದು ಹರಕೆ ಹೊತ್ತವರಿಗಿಂತ ಸತ್ತ ಮೇಲೆ ಏನುಳಿಯುತ್ತದೆ ಎಂದು ಲೆಕ್ಕ ಹಾಕಿದವರು ನೆಮ್ಮದಿಯಾಗಿರುತ್ತಾರೆ.

ಇನ್ನೂ ಫಲಿತಾಂಶ ಬಾರದ ಪರೀಕ್ಷೆ ಜೂಲಿಯಾದ್ದು. ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್‌ಸ್ಕಿ, ವೈರಲ್ ಶಾ, ಅಲನ್ ಎಡೆಲ್‌ಮನ್ ಈ ನಾಲ್ವರು ಅದನ್ನು 2012ರಲ್ಲಿ ಪ್ರಕಟಿಸಿದರು. ವಿಜ್ಞಾನಿ ಮೊದಲು ಸುಲಭದ ಭಾಷೆಯಲ್ಲಿ ಬರೆದು, ವೇಗ ಸಾಲದೆ, ಅದನ್ನೇ ಸಿ ಅಥವಾ ಫೋರ್‌ಟ್ರಾನ್‌ಗೆ ಮತ್ತೆ ಬರೆಯುವ ಇಬ್ಬಗೆಯ ಶ್ರಮವನ್ನು ತಪ್ಪಿಸುವುದು ಅದರ ಗುರಿ. ಗುಣದಲ್ಲಿ ಕೊರತೆಯಿಲ್ಲ. ಆಕಾಶದ ಚಿತ್ರಗಳಿಂದ ನಕ್ಷತ್ರ, ಗೆಲಾಕ್ಸಿಗಳ ಪಟ್ಟಿ ಮಾಡುವ ಸೆಲೆಸ್ಟ್ ಯೋಜನೆ 2017ರಲ್ಲಿ ಜೂಲಿಯಾ ಬಳಸಿ ಪೆಟಾಫ್ಲಾಪ್ ವೇಗ ಮುಟ್ಟಿತು. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು ತನ್ನ ಆರ್ಥಿಕ ಮಾದರಿಯನ್ನು ಮ್ಯಾಟ್‌ಲ್ಯಾಬ್‌ನಿಂದ ಜೂಲಿಯಾಕ್ಕೆ ತಂದಿತು. ಆದರೆ ಯಂತ್ರಕಲಿಕೆಯ ಅಲೆ ಎದ್ದಾಗ ಹೊಳೆಯೆಲ್ಲ ಪೈಥಾನ್ ಕಡೆಗೇ ಹರಿಯಿತು. ಪೈಟಾರ್ಚ್ ಮುಂತಾದವು ವೇಗದ ಭಾಗವನ್ನು ಒಳಗೆ ಅಡಗಿಸಿಟ್ಟು ಇಬ್ಬಗೆಯ ಶ್ರಮದ ನೋವನ್ನು ಬಳಕೆದಾರನಿಂದ ಮರೆಮಾಚಿದವು. ಜೂಲಿಯಾ ಹೋದರೆ ನಷ್ಟ ಅನುಭವಿಸುವವರು ಕೆಲವು ಪ್ರಯೋಗಾಲಯಗಳು, ಹವಾಮಾನ ಮತ್ತು ಔಷಧ ಸಂಶೋಧನೆಯ ಕೆಲವು ಗುಂಪುಗಳು. ಹಂಗು ಇದೆ, ದಪ್ಪವಾಗಿಲ್ಲ. ಕಸುಬಿನ ಪಾಲು ಮಾತ್ರ ದೊಡ್ಡದು. ಅವಕಲ ಸಮೀಕರಣಗಳನ್ನು ಯಂತ್ರದ ಮೇಲೆ ಬಿಡಿಸುವುದು, ದಶಮಾಂಶಗಳನ್ನು ಕತ್ತರಿಸುವಾಗಿನ ತಪ್ಪು ಬೆಳೆಯುವ ಬಗೆ, ದತ್ತಾಂಶವನ್ನು ನೆನಪಿನಲ್ಲಿ ಜೋಡಿಸುವ ರೀತಿಯಿಂದ ವೇಗ ಬದಲಾಗುವುದು, ಇವನ್ನೆಲ್ಲ ಅದು ಮುಚ್ಚಿಡದೆ ಕಲಿಸುತ್ತದೆ. ಸಮೀಕರಣಗಳೇ ನಿಮ್ಮ ನಿತ್ಯದ ಕೆಲಸವಾಗಿದ್ದರೆ ಎರಡನೆಯ ಭಾಷೆಯಾಗಿ ಕಲಿಯಿರಿ. ಉದ್ಯೋಗಕ್ಕೆಂದು ಅದೊಂದನ್ನೇ ನೆಚ್ಚಬೇಡಿ.

ಆಕ್ಷೇಪಗಳಿವೆ. ಕಸುಬೇ ಮುಖ್ಯವಾದರೆ ಪಠ್ಯಪುಸ್ತಕ ಓದಿದರಾಯಿತು, ಭಾಷೆಯೇಕೆ ಎಂಬುದು ಮೊದಲನೆಯದು. ಪುಸ್ತಕ ಓದಿ ಲ್ಯಾಚ್ ಎಂದರೇನು ಎಂದು ಹೇಳಬಹುದು. ಬೇಡದ ಕಡೆ ಲ್ಯಾಚ್ ಹುಟ್ಟಿದ್ದನ್ನು ಪತ್ತೆಹಚ್ಚಲು ಬರುವುದು, ಉಪಕರಣ ಎಚ್ಚರಿಕೆ ಕೊಟ್ಟು ಸತಾಯಿಸಿದ ಮೇಲೆಯೇ. ಎಸ್‌ಕ್ಯೂಎಲ್‌ನಲ್ಲಿ ಮೌಲ್ಯವೇ ಇಲ್ಲದ ಖಾನೆ, ಸೊನ್ನೆ ಇರುವ ಖಾನೆ ಬೇರೆ ಬೇರೆ ಎಂಬುದು ಓದುವಾಗ ಸುಲಭ. ವರದಿಯ ಮೊತ್ತ ತಾಳೆಯಾಗದೆ ಕೂತಾಗಲೇ ಅದು ಮನಸ್ಸಿಗೆ ನಾಟುವುದು.

ಎರಡನೆಯ ಆಕ್ಷೇಪ ಈಗ ಎಲ್ಲರ ಬಾಯಲ್ಲೂ ಇದೆ. ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವಾಗ ಭಾಷೆ ಕಲಿಯುವುದೇ ದಂಡವಲ್ಲವೇ? ಈ ಆಕ್ಷೇಪ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ ಎಂದೇ ನನ್ನ ಎಣಿಕೆ. ಯಂತ್ರ ಅಗ್ಗ ಮಾಡುವುದು ಮೊದಲ ಪಾಲನ್ನು, ಅಂದರೆ ವ್ಯಾಕರಣವನ್ನು. ಬರೆದುಕೊಟ್ಟ ಕೋಡ್ ಸರಿಯೋ ತಪ್ಪೋ ಎಂದು ಹೇಳುವ ಹೊಣೆ ಕಸುಬು ಬಲ್ಲವರ ತಲೆಯ ಮೇಲೇ ಉಳಿಯುತ್ತದೆ, ಓದಲು ಬಾರದ ಭಾಷೆಯಲ್ಲಿ ಆ ಹೊಣೆ ಹೊರಲಾಗದು. ಅಲ್ಲದೆ ಈ ಮಾದರಿಗಳು ಕಲಿತಿರುವುದು ಸಾರ್ವಜನಿಕವಾಗಿ ಸಿಕ್ಕ ಕೋಡಿನಿಂದ. ಪೈಥಾನ್ ರಾಶಿ ರಾಶಿ ಸಿಗುತ್ತದೆ, ಒಳ್ಳೆಯ ಚಿಪ್ ವಿನ್ಯಾಸದ ಕೋಡು ಕಂಪನಿಗಳ ತಿಜೋರಿಯಲ್ಲಿದೆ. ಈ ಅಂತರ ಎಂದೆಂದಿಗೂ ಇರುತ್ತದೆ ಎನ್ನಲಾರೆ. ವ್ಯಾಕರಣವಷ್ಟನ್ನೇ ಬಂಡವಾಳ ಮಾಡಿಕೊಂಡವರ ಸ್ಥಿತಿ ಕಷ್ಟವಾಗುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಮೂರನೆಯದು ಹೊಟ್ಟೆಪಾಡಿನ ಆಕ್ಷೇಪ, ನನಗೆ ಅತ್ಯಂತ ಗೌರವವಿರುವುದೂ ಇದರ ಬಗ್ಗೆಯೇ. ಜಿಲ್ಲಾ ಕೇಂದ್ರವೊಂದರ ಕಾಲೇಜಿನ ವಿದ್ಯಾರ್ಥಿಗೆ ಇಪ್ಪತ್ತು ವರ್ಷದ ಲೆಕ್ಕಾಚಾರಕ್ಕಿಂತ ಬರುವ ಜೂನ್ ತಿಂಗಳ ಕೆಲಸ ಮುಖ್ಯ. ಕಸುಬಿನ ಭಾಷೆಯ ಹುದ್ದೆಗಳು ಬೆಂಗಳೂರು, ಹೈದರಾಬಾದ್, ನೊಯ್ಡಾದಂಥ ಕೆಲವೇ ಊರುಗಳಲ್ಲಿ ಗುಡ್ಡೆಯಾಗಿರುತ್ತವೆ. ಒಂದು ಉದ್ಯಮ ಕೆಮ್ಮಿದರೆ ಎಲ್ಲರಿಗೂ ಒಟ್ಟಿಗೆ ನೆಗಡಿ. ಇದನ್ನು ತಳ್ಳಿಹಾಕಲಾರೆ. ಆದ್ದರಿಂದಲೇ ಮೊದಲು ಒಂದು ಸಾಮಾನ್ಯ ಭಾಷೆ ಗಟ್ಟಿಯಾಗಲಿ ಎಂದದ್ದು. ಅದರ ಮೇಲೆ ಕಸುಬಿನ ಭಾಷೆಯೊಂದಕ್ಕೆ ಕೈ ಹಾಕುವ ಮುನ್ನ ವರ್ಷಗಳನ್ನು ಅಡವಿಡಬೇಕಾಗಿಲ್ಲ. ಆ ಕಸುಬಿನವರು ಬರೆದ ದೊಡ್ಡ ಕೋಡೊಂದನ್ನು ಎದುರಿಗಿಟ್ಟುಕೊಂಡು ಒಂದು ತಿಂಗಳು ಓದಿ. ಓದುತ್ತಾ ನಿಮಗೆ ಏಳುವ ಪ್ರಶ್ನೆಗಳು ಚುಕ್ಕೆ, ಆವರಣ, ಆವೃತ್ತಿಗಳ ಬಗ್ಗೆಯೇ ಇದ್ದರೆ ಪುಸ್ತಕ ಮುಚ್ಚಿಬಿಡಿ. ಗಡಿಯಾರ, ಬಡ್ಡಿ, ಸಮೀಕರಣಗಳ ಬಗ್ಗೆ ಪ್ರಶ್ನೆಗಳು ಏಳತೊಡಗಿದರೆ ಆ ಕಸುಬು ನಿಮ್ಮನ್ನು ಹಿಡಿಯಿತೆಂದೇ ಅರ್ಥ.

ಪಠ್ಯಕ್ರಮ ರೂಪಿಸುವ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ವೆರಿಲಾಗ್ ಪರೀಕ್ಷೆಯಲ್ಲಿ ಕೋಡ್ ಬಾಯಿಪಾಠ ಒಪ್ಪಿಸುವ ಪ್ರಶ್ನೆ ಕೊಡಬೇಡಿ. ತಪ್ಪಿರುವ ಕೋಡೊಂದನ್ನು ಕೊಟ್ಟು ಅದರಿಂದ ಯಾವ ಸರ್ಕ್ಯೂಟ್ ಹುಟ್ಟುತ್ತದೆ ಎಂದು ಕೇಳಿ. ಎಸ್‌ಕ್ಯೂಎಲ್ ಪ್ರಯೋಗಾಲಯದಲ್ಲಿ ಹತ್ತು ಸಾಲಿನ ಕೃತಕ ಕೋಷ್ಟಕದ ಬದಲು ಸಹಕಾರ ಸಂಘವೊಂದರ ನಿಜವಾದ ಲೆಕ್ಕವನ್ನು ಹೆಸರುಗಳನ್ನು ತೆಗೆದು ಬಳಸಿ. ಇದಕ್ಕೆ ಹೆಚ್ಚಿನ ದುಡ್ಡೂ ಬೇಕಿಲ್ಲ. ಇಕಾರಸ್ ವೆರಿಲಾಗ್, ವೆರಿಲೇಟರ್, ಯೋಸಿಸ್ ಎಂಬ ವೆರಿಲಾಗ್ ಉಪಕರಣಗಳು, ಎಸ್‌ಕ್ಯೂಎಲ್‌ಗೆ ಪೋಸ್ಟ್‌ಗ್ರೆ ಎಸ್‌ಕ್ಯೂಎಲ್, ಜೂಲಿಯಾ ಎಲ್ಲವೂ ಉಚಿತ, ಕಾಲೇಜಿನಲ್ಲಿ ಈಗಿರುವ ಹಳೆಯ ಕಂಪ್ಯೂಟರ್‌ಗಳಲ್ಲೇ ನಡೆಯುತ್ತವೆ.